ಟೈರಿನೊಳಗಿನ ಸಿಂಬಿ: ಬೆಟ್ಟದ ಸೈಕಲ್ ಸವಾರರ ಪ್ರಶ್ನೆಗಳಿಗೆ ಉತ್ತರ

ಟ್ಯೂಬ್‌ಲೆಸ್ ಟೈರುಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಸ್ತುವನ್ನು ಕುರಿತಾಗಿದ್ದವು. ಟೈರಿನ ಒಳಗೆ, ರಿಮ್ಮಿನ ಸುತ್ತ ಉಂಗುರದಂತೆ ಕೂರಿಸುವ ಫೋಮಿನ ಪಟ್ಟಿ, ಅಂದರೆ ಇನ್ಸರ್ಟ್, ಕೊಳ್ಳಬೇಕೇ ಬೇಡವೇ ಎಂಬುದು ಅವುಗಳ ಒಟ್ಟು ತಾತ್ಪರ್ಯ. ಉಳಿದವು ಹೆಲ್ಮೆಟ್, ಮೊಣಕಾಲಿನ ಪ್ಯಾಡ್, ಬೂಟುಗಳಿಗೆ ಸಂಬಂಧಿಸಿದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಕೆಲವನ್ನು ಮೊಟಕುಗೊಳಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ವಾರಕ್ಕೆರಡು ಸಲ ಅವಲಹಳ್ಳಿ ಕಾಡಿನ ಹಾದಿಯಲ್ಲಿ ಸೈಕಲ್ ಓಡಿಸುತ್ತೇನೆ. ಕಳೆದ ತಿಂಗಳು ಮೂರು ಸಲ ಪಂಕ್ಚರ್ ಆಯಿತು, ಮೂರೂ ಸಲ ಮುಳ್ಳಿನಿಂದಲೇ. ಇನ್ಸರ್ಟ್ ಹಾಕಿಸಿದರೆ ಈ ಕಾಟ ತಪ್ಪುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ನನ್ನದು ಟ್ಯೂಬ್ ಇರುವ ಟೈರು. (ಯಲಹಂಕದ ಓದುಗರು)

ಉತ್ತರ: ಮುಳ್ಳಿನ ಕಾರಣಕ್ಕಾದರೆ ಹಾಕಿಸಬೇಡಿ. ನೀರಿನ ಕೊಡ ಹೊರುವವರು ತಲೆಯ ಮೇಲೆ ಸಿಂಬಿ ಇಟ್ಟುಕೊಳ್ಳುತ್ತಿದ್ದುದು ಕೊಡ ತೂತಾಗದಿರಲಿ ಎಂದಲ್ಲ, ಕೊಡದ ಭಾರ ನೆತ್ತಿಗೆ ಒತ್ತದಿರಲಿ ಎಂದು. ಇನ್ಸರ್ಟಿನ ಕೆಲಸವೂ ಅಷ್ಟೇ. ಚಕ್ರ ಚೂಪಾದ ಬಂಡೆಯ ಅಂಚಿಗೆ ವೇಗವಾಗಿ ಬಡಿದಾಗ ಟೈರು ಪೂರ್ತಿ ಅಪ್ಪಚ್ಚಿಯಾಗಿ, ಕಲ್ಲಿಗೂ ರಿಮ್ಮಿನ ತುಟಿಗೂ ನಡುವೆ ರಬ್ಬರಿನ ಒಂದು ಪದರ ಮಾತ್ರ ಉಳಿಯುತ್ತದೆ. ಆ ಗಳಿಗೆಯಲ್ಲಿ ನಡುವೆ ಬಂದು ಪೆಟ್ಟು ತಿನ್ನುವುದಕ್ಕಾಗಿ ಈ ಫೋಮ್ ಇರುತ್ತದೆ. ಟೈರಿನ ಹೊರಮೈಯಿಂದ ಒಳಗೆ ಇಳಿಯುವ ಮುಳ್ಳಿಗೂ ಅದಕ್ಕೂ ಸಂಬಂಧವಿಲ್ಲ. ಮುಳ್ಳು ಚುಚ್ಚುತ್ತದೆ, ಗಾಳಿ ಹೋಗುತ್ತದೆ, ಇನ್ಸರ್ಟ್ ತನ್ನ ಪಾಡಿಗೆ ತಾನು ಒಳಗೆ ಕೂತಿರುತ್ತದೆ.

ನಮ್ಮ ಬಯಲುಸೀಮೆಯ ಹಾದಿಗಳಲ್ಲಿ ಎರಡು ಮುಳ್ಳುಗಳನ್ನು ಗುರುತಿಸಿಕೊಳ್ಳಬೇಕು. ನೆಗ್ಗಿಲು ಗಿಡ ನೆಲಕ್ಕೆ ಅಂಟಿಕೊಂಡು ಹರಡುತ್ತದೆ. ಅದರ ಒಣಗಿದ ಕಾಯಿಯ ಹೋಳುಗಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ತೂತು ಚಿಕ್ಕದು, ಆದರೆ ಒಂದೇ ಚಕ್ರದಲ್ಲಿ ಹತ್ತಿಪ್ಪತ್ತು ಇರಬಹುದು. ಬಳ್ಳಾರಿ ಜಾಲಿಯ ಮುಳ್ಳು ಉದ್ದ ಮತ್ತು ಗಟ್ಟಿ. ಅದು ಟೈರಿನಲ್ಲಿ ಮುರಿದು ಉಳಿದರೆ ಹೊರಗಿನಿಂದ ಕಾಣುವುದೇ ಇಲ್ಲ, ಹೊಸ ಟ್ಯೂಬು ಹಾಕಿದ ಮೇಲೆ ಮತ್ತೆ ಚುಚ್ಚುತ್ತದೆ. ನಿಮ್ಮ ಮೂರು ಪಂಕ್ಚರುಗಳಲ್ಲಿ ಎರಡು ಒಂದೇ ಮುಳ್ಳಿನವಾಗಿದ್ದರೂ ನನಗೆ ಆಶ್ಚರ್ಯವಿಲ್ಲ. ಟೈರನ್ನು ಬಿಚ್ಚಿ, ಒಳಮೈಯ ಮೇಲೆ ಹಳೆಯ ಬನೀನಿನ ತುಂಡನ್ನು ಸುತ್ತಲೂ ಎಳೆದು ನೋಡಿ. ಮುಳ್ಳಿನ ಮೊನೆ ಇದ್ದಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬೆರಳಿನಿಂದ ಹುಡುಕಲು ಹೋದರೆ ಬೆರಳೂ ಪಂಕ್ಚರಾಗುತ್ತದೆ.

ಮುಳ್ಳಿಗೆ ತಕ್ಕ ಮದ್ದು ಟ್ಯೂಬ್‌ಲೆಸ್ ಟೈರು ಮತ್ತು ಅದರೊಳಗೆ ಸುರಿಯುವ ಸೀಲಂಟ್ ದ್ರವ. ತೂತಿನಿಂದ ಗಾಳಿ ಹೊರಡುವಾಗ ಲ್ಯಾಟೆಕ್ಸ್ ದ್ರವ ಅದರ ಜೊತೆ ನುಗ್ಗಿ ಅಲ್ಲೇ ಗಟ್ಟಿಯಾಗುತ್ತದೆ. 29 ಇಂಚಿನ ಚಕ್ರಕ್ಕೆ 100 ರಿಂದ 120 ಮಿಲಿಲೀಟರ್ ಬೇಕು. ನಮ್ಮ ಬೇಸಿಗೆಯಲ್ಲಿ ಅದು ಬೇಗ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ತುಂಬಿಸುತ್ತಿರಬೇಕು. ನಿಮ್ಮ ರಿಮ್ಮು ಟ್ಯೂಬ್‌ಲೆಸ್‌ಗೆ ಒಗ್ಗುವುದಿಲ್ಲವಾದರೆ ಆಗ ಮಾತ್ರ ಒಂದು ಬಗೆಯ ಇನ್ಸರ್ಟ್ ನಿಮಗೆ ಉಪಯೋಗಕ್ಕೆ ಬಂದೀತು. ಕೊರಿಯಾದ ಟ್ಯಾನಸ್ ಕಂಪನಿಯ ಆರ್ಮರ್ ಎಂಬುದು ರಿಮ್ಮಿನ ಮೇಲೆ ಕೂರುವುದಿಲ್ಲ, ಟೈರಿಗೂ ಟ್ಯೂಬಿಗೂ ನಡುವೆ ಕವಚದಂತೆ ಕೂರುತ್ತದೆ. ನೆಲ ಮುಟ್ಟುವ ಭಾಗದಲ್ಲಿ ಅದರ ದಪ್ಪ ಸುಮಾರು 15 ಮಿಲಿಮೀಟರ್ ಇರುವುದರಿಂದ ನೆಗ್ಗಿಲು ಟ್ಯೂಬನ್ನು ತಲುಪುವುದಿಲ್ಲ. ಇದಕ್ಕೆ ಟೈರಿನ ಅಳತೆಗಿಂತ ಚಿಕ್ಕ ಟ್ಯೂಬು ಬೇಕಾಗುತ್ತದೆ, ಚಕ್ರ ಭಾರವೆನಿಸುತ್ತದೆ, ಕೂರಿಸುವುದೂ ಸುಲಭವಲ್ಲ. ಎರಡೂ ವಸ್ತುಗಳನ್ನು ಇನ್ಸರ್ಟ್ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಅಂಗಡಿಯಲ್ಲಿ ಈ ಗೊಂದಲ ಹುಟ್ಟುತ್ತದೆ.

ಪ್ರಶ್ನೆ: ಚಿಕ್ಕಮಗಳೂರಿನ ಕಾಫಿ ತೋಟಗಳ ಕಲ್ಲುಹಾದಿಯಲ್ಲಿ ಒಂದೇ ವರ್ಷದಲ್ಲಿ ಹಿಂದಿನ ರಿಮ್ಮು ಎರಡು ಸಲ ಡೊಂಕಾಯಿತು. ನನ್ನ ತೂಕ 84 ಕಿಲೋ, ಟೈರು 29 ಇಂಚು, ಅಗಲ 2.35. ಹವಾ ಕಡಿಮೆಯಿದ್ದರೆ ಹಿಡಿತ ಹೆಚ್ಚು ಎಂದು ಗೆಳೆಯರು ಹೇಳಿದ್ದರಿಂದ ಎರಡೂ ಚಕ್ರಕ್ಕೆ 20 ಪಿಎಸ್‌ಐ ಹಾಕುತ್ತೇನೆ. ನಾನೂ ಇನ್ಸರ್ಟ್ ಹಾಕಿಸಬಹುದೇ? (ಚಿಕ್ಕಮಗಳೂರಿನ ಓದುಗರು)

ಉತ್ತರ: ನೀವು ಹಾಕಿಸಬಹುದು. ಆದರೆ ಅದಕ್ಕೂ ಮೊದಲು ಒಂದು ಒಳ್ಳೆಯ ಮಾಪಕ ಕೊಳ್ಳಿ. (ಹೊಸ ಓದುಗರಿಗೆ: ಇಲ್ಲಿ ಪಿಎಸ್‌ಐ ಎಂದರೆ ಠಾಣೆಯವರಲ್ಲ, ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಲೆಕ್ಕ.) ಕಾಲಿನಿಂದ ಹೊಡೆಯುವ ಪಂಪಿನ ಮುಳ್ಳುಗಡಿಯಾರ ಸಾಮಾನ್ಯವಾಗಿ 160 ರವರೆಗೆ ಅಳೆಯುವಂಥದ್ದು, ಅದರಲ್ಲಿ 20 ಮತ್ತು 25 ರ ನಡುವೆ ಇರುವುದು ಒಂದು ಕೂದಲೆಳೆಯ ಅಂತರ. ಬೆಟ್ಟದ ಸೈಕಲ್ಲಿನಲ್ಲಿ ಅದೇ 5 ಪಿಎಸ್‌ಐ ರಿಮ್ಮು ಉಳಿಯುವುದಕ್ಕೂ ಡೊಂಕಾಗುವುದಕ್ಕೂ ನಡುವಿನ ವ್ಯತ್ಯಾಸ. ನಿಮ್ಮ ಗಡಿಯಾರ 20 ತೋರಿಸಿದಾಗ ಟೈರಿನಲ್ಲಿ 16 ಇದ್ದಿರಲೂಬಹುದು.

ನಿಮ್ಮ ತೂಕಕ್ಕೆ, ಈ ಅಗಲದ ಟೈರಿಗೆ, ಮುಂದೆ 24, ಹಿಂದೆ 27 ಅಥವಾ 28 ರಿಂದ ಆರಂಭಿಸಿ. ಎರಡೂ ಚಕ್ರಕ್ಕೆ ಒಂದೇ ಒತ್ತಡ ಹಾಕುವುದು ಸರಿಯಲ್ಲ, ಏಕೆಂದರೆ ಸವಾರನ ಭಾರ ಹಿಂದಿನ ಚಕ್ರದ ಮೇಲೆ ಹೆಚ್ಚು, ಮತ್ತು ಮುಂದಿನ ಚಕ್ರವನ್ನು ಕಣ್ಣಿನಿಂದ ಕಲ್ಲು ತಪ್ಪಿಸಿ ಓಡಿಸುತ್ತೇವೆ, ಹಿಂದಿನದು ಎಳೆದುಕೊಂಡು ಬರುತ್ತದೆ. ಅದೇ ಹಾದಿಯಲ್ಲಿ ನಾಲ್ಕೈದು ಸಲ ಓಡಿಸಿ ನೋಡಿ. ರಿಮ್ಮು ಕಲ್ಲಿಗೆ ತಾಗಿದಾಗ ಬರುವ ಸದ್ದು ಬೇರೆಯದೇ. ಟೈರಿನ ಸದ್ದು ಧೊಪ್ಪೆಂದು ಮೊಂಡಾಗಿರುತ್ತದೆ, ರಿಮ್ಮಿನ ಸದ್ದು ಬಿಂದಿಗೆ ನೆಲಕ್ಕೆ ಬಿದ್ದಂತೆ ಟಣ್ಣೆನ್ನುತ್ತದೆ. ಸರಿಯಾದ ಒತ್ತಡದಲ್ಲಿಯೂ ಒಂದು ಇಳಿಜಾರಿನಲ್ಲಿ ಎರಡು ಮೂರು ಸಲ ಆ ಸದ್ದು ಕೇಳಿದರೆ ಆಗ ಹಿಂದಿನ ಚಕ್ರಕ್ಕೆ ಮಾತ್ರ ಇನ್ಸರ್ಟ್ ಹಾಕಿಸಿ.

ಆಯ್ಕೆಯ ವಿಷಯದಲ್ಲಿ ಹೇಳುವುದಾದರೆ, ಅಮೆರಿಕದ ಕುಶ್‌ಕೋರ್ ಕಂಪನಿಯ ದಪ್ಪ ಮಾದರಿಯ ತೂಕ ಒಂದು ಚಕ್ರಕ್ಕೆ ಸುಮಾರು 250 ಗ್ರಾಂ ಮೇಲ್ಪಟ್ಟು. ಅದು ರಿಮ್ಮಿನ ಮೇಲೆ ಬಿಗಿಯಾಗಿ ಕೂತು ಟೈರಿನ ಪಕ್ಕೆಗಳನ್ನು ಒಳಗಿನಿಂದ ಒತ್ತಿ ಹಿಡಿಯುವುದರಿಂದ ತಿರುವಿನಲ್ಲಿ ಟೈರು ಮಗುಚುವುದೂ ಕಡಿಮೆಯಾಗುತ್ತದೆ. ಫಿನ್ಲೆಂಡಿನ ಹಕ್ ನಾರಿಸ್ ತೆಳುವಾದ, ಹಗುರವಾದ ಪಟ್ಟಿ, ರಿಮ್ಮನ್ನು ಕಾಯುತ್ತದೆ, ಅದಕ್ಕಿಂತ ಹೆಚ್ಚಿನ ಹಂಗು ಅದಕ್ಕಿಲ್ಲ. ತೋಟದ ಹಾದಿಗೆ ನಾನು ತೆಳುವಾದುದನ್ನೇ ಹೇಳುತ್ತೇನೆ. ಇನ್ಸರ್ಟಿನ ಬದಲು ದಪ್ಪ ಕೇಸಿಂಗಿನ, ಅಂದರೆ ರಬ್ಬರಿನೊಳಗಿನ ಬಟ್ಟೆಯ ಪದರ ದಪ್ಪವಾಗಿರುವ, ಟೈರು ಕೊಳ್ಳುವುದೂ ಒಂದು ದಾರಿ. ಮ್ಯಾಕ್ಸಿಸ್ ಟೈರುಗಳಲ್ಲಿ ಎಕ್ಸೋ ಎಂಬುದು ಒಂಟಿ ಪದರದ್ದು, ಡಬಲ್‌ಡೌನ್ ಎಂಬುದು ಎರಡು ಪದರದ್ದು. ಎರಡನೆಯದನ್ನು ಹಾಕಿದರೆ ಇನ್ಸರ್ಟಿನಷ್ಟೇ ತೂಕ ಹೆಚ್ಚುತ್ತದೆ, ಆದರೆ ಕಲ್ಲಿನ ಅಂಚಿಗೆ ಪಕ್ಕೆ ಹರಿಯುವ ಭಯವೂ ಕಡಿಮೆಯಾಗುತ್ತದೆ. ಪಕ್ಕೆ ಹರಿದರೆ ಇನ್ಸರ್ಟ್ ಏನೂ ಮಾಡಲಾರದು.

ಇನ್ಸರ್ಟ್ ಹಾಕಿದ ಮೇಲೆ ಒತ್ತಡವನ್ನು 2 ಅಥವಾ 3 ಪಿಎಸ್‌ಐ ಇಳಿಸಿದರೆ ಸಾಕು. ಒಳಗೆ ಫೋಮ್ ಇದೆಯೆಂಬ ಧೈರ್ಯದಿಂದ 15 ಕ್ಕೆ ಇಳಿಸಿದವರ ರಿಮ್ಮುಗಳನ್ನೂ ನಾನು ನೇರ ಮಾಡಲು ಹೆಣಗಿದ್ದೇನೆ.

ಪ್ರಶ್ನೆ: ಅಮೆರಿಕದ ಐಡಹೋ ರಾಜ್ಯದ ಬೋಯ್ಸಿ ನಗರದಲ್ಲಿ ವಾಸವಾಗಿದ್ದೇನೆ. ಎರಡೂ ಚಕ್ರಕ್ಕೆ ದಪ್ಪ ಇನ್ಸರ್ಟ್ ಹಾಕಿಸಿ ಆರು ತಿಂಗಳಾಯಿತು. ಸೈಕಲ್ ಮೊದಲಿನಷ್ಟು ಚುರುಕಾಗಿಲ್ಲ ಎನಿಸುತ್ತಿದೆ. ಮನೆಯಿಂದ ದೂರದಲ್ಲಿ ಟೈರು ಕೈಕೊಟ್ಟರೆ ನನ್ನಿಂದ ಬಿಚ್ಚಲಾಗುವುದೇ ಎಂಬ ಭಯವೂ ಇದೆ. (ಬೋಯ್ಸಿಯ ಓದುಗರು)

ಉತ್ತರ: ಮೊದಲು ಒಂದು ಅಡ್ಡಮಾತು. ನಿಮ್ಮ ಊರಿನವರು ಗೋಟ್‌ಹೆಡ್ ಎಂದು ಕರೆಯುವ, ಊರ ಸೈಕಲ್ ಸವಾರರೆಲ್ಲ ಸೇರಿ ಕಿತ್ತು ಚೀಲ ತುಂಬಿಸಿ ಆ ಹೆಸರಿನಲ್ಲೇ ಹಬ್ಬ ಮಾಡುವ ಕಳೆ ಯಾವುದೆಂದುಕೊಂಡಿರಿ? ಅದು ನಮ್ಮ ನೆಗ್ಗಿಲೇ. ಇಲ್ಲಿ ಆಯುರ್ವೇದದ ಅಂಗಡಿಯಲ್ಲಿ ಗೋಕ್ಷುರವೆಂದು ದುಡ್ಡು ಕೊಟ್ಟು ತರುತ್ತೇವೆ. ಆದ್ದರಿಂದ ಯಲಹಂಕದವರಿಗೆ ಹೇಳಿದ ಸೀಲಂಟಿನ ಮಾತು ನಿಮಗೂ ಅನ್ವಯಿಸುತ್ತದೆ. ಇನ್ಸರ್ಟ್ ಇರುವ ಟೈರಿಗೆ ಇನ್ನೂ 30 ರಿಂದ 60 ಮಿಲಿಲೀಟರ್ ಹೆಚ್ಚಾಗಿ ಹಾಕಬೇಕು, ಏಕೆಂದರೆ ಫೋಮ್ ದ್ರವವನ್ನು ಹೀರದಿದ್ದರೂ ಅದರ ಮೈಗೆ ಒಂದಷ್ಟು ಮೆತ್ತಿಕೊಳ್ಳುತ್ತದೆ.

ಚುರುಕು ಕಡಿಮೆಯಾದಂತೆ ತೋರುವುದು ನಿಮ್ಮ ಭ್ರಮೆಯಲ್ಲ. ಅರ್ಧ ಕಿಲೋ ಭಾರ ಚಕ್ರಗಳ ಅಂಚಿಗೆ ಸೇರಿದೆ, ಪ್ರತಿ ಸಲ ವೇಗ ಹೆಚ್ಚಿಸುವಾಗಲೂ ಅದನ್ನು ತಿರುಗಿಸಬೇಕು. ಜೊತೆಗೆ ಫೋಮ್ ಒಳಗಿನ ಜಾಗವನ್ನು ತುಂಬಿರುವುದರಿಂದ ಟೈರು ಕೊನೆಕೊನೆಗೆ ಬೇಗ ಬಿಗಿಯಾಗುತ್ತದೆ, ಪುಟಿಯುವುದು ಕಡಿಮೆಯಾಗುತ್ತದೆ. ಬಂಡೆಗಳ ನಡುವೆ ವೇಗವಾಗಿ ಇಳಿಯುವವರು ಇದನ್ನೇ ಶಾಂತ ಚಕ್ರ ಎಂದು ಮೆಚ್ಚುತ್ತಾರೆ, ಸಣ್ಣ ದಿಬ್ಬಗಳ ಮೇಲೆ ಹಾರಿಸಿಕೊಂಡು ಹೋಗುವವರು ಸತ್ತ ಚಕ್ರ ಎಂದು ಬೈಯುತ್ತಾರೆ. ಒಂದೇ ಗುಣಕ್ಕೆ ಎರಡು ಹೆಸರು. ಮುಂದಿನದನ್ನು ತೆಗೆದುಬಿಡಿ, ಹಿಂದಿನದು ಇರಲಿ.

ತೆಗೆಯುವ ಕೆಲಸವನ್ನು ಮೊದಲ ಸಲ ಮನೆಯಲ್ಲೇ, ಬಿಡುವಿನ ದಿನ ಮಾಡಿ. ಹೋದ ವಾರ ನಾನು ನನ್ನ ಹಿಂದಿನ ಚಕ್ರವನ್ನು ಬಿಚ್ಚಿದೆ. ಗಾಳಿ ಬಿಟ್ಟು, ಚಕ್ರವನ್ನು ನೆಲದ ಮೇಲೆ ಮಲಗಿಸಿ, ಮಂಡಿಯೂರಿ ಟೈರಿನ ಪಕ್ಕೆಯನ್ನು ಎರಡೂ ಅಂಗೈಗಳಿಂದ ಒತ್ತಿದರೆ ಬೀಡು, ಅಂದರೆ ಟೈರಿನ ಗಟ್ಟಿ ಅಂಚು, ಟಪ್ಪೆಂದು ಜಾಗ ಬಿಟ್ಟಿತು. ಲಿವರಿನಿಂದ ಅಂಚನ್ನು ಮೇಲೆತ್ತಿದಾಗ ಒಳಗೆ ಹಸಿರು ಬಣ್ಣದ ಸೀಲಂಟ್ ಒಣಗಿ, ಹಾಲಿನ ಕೆನೆಯಂತೆ ಫೋಮಿನ ಮೇಲೆ ಪದರಗಟ್ಟಿತ್ತು. ಅದನ್ನು ಉಗುರಿನಿಂದ ಕೆತ್ತಿ ತೆಗೆದರೆ ಫೋಮಿನ ಒಂದು ಮಗ್ಗುಲಿನಲ್ಲಿ ಕಿರುಬೆರಳಿನಗಲದ ಮೂರು ಗಾಯಗಳು ಕಂಡವು. ಮೂರೂ ರಿಮ್ಮಿಗೆ ಬೀಳಬೇಕಾಗಿದ್ದ ಪೆಟ್ಟುಗಳು. ನಿಮ್ಮ ಫೋಮನ್ನೂ ಹೀಗೆ ತಿರುಗಿಸಿ ನೋಡಿ. ಗಾಯದ ಗುರುತೇ ಇಲ್ಲದಿದ್ದರೆ ಆರು ತಿಂಗಳು ನೀವು ಅದನ್ನು ಸುಮ್ಮನೆ ಹೊತ್ತಿದ್ದೀರಿ ಎಂದರ್ಥ.

ಮತ್ತೆ ಕೂರಿಸುವಾಗ ಬಲಕ್ಕಿಂತ ಜಾಗ ಮುಖ್ಯ. ರಿಮ್ಮಿನ ನಡುವೆ ಒಂದು ತಗ್ಗಾದ ಕಾಲುವೆಯಿದೆ. ಟೈರಿನ ಅಂಚನ್ನು ಎಲ್ಲ ಕಡೆಯೂ ಆ ಕಾಲುವೆಗೆ ಇಳಿಸಿದರೆ ಎದುರು ಬದಿಯಲ್ಲಿ ಒಂದಿಷ್ಟು ಸಡಿಲ ಸಿಗುತ್ತದೆ. ಇನ್ಸರ್ಟ್ ಇರುವಾಗ ಫೋಮ್ ಆ ಕಾಲುವೆಯನ್ನು ಮುಚ್ಚಿರುತ್ತದೆ, ಆದ್ದರಿಂದ ಮೊಣಕಾಲಿನಿಂದ ಫೋಮನ್ನು ಪಕ್ಕಕ್ಕೆ ಒತ್ತಿ ಹಿಡಿದು ಅಂಚನ್ನು ಅದರ ಕೆಳಗೆ ತೂರಿಸಬೇಕು. ಸೋಪು ನೀರು ಧಾರಾಳವಾಗಿ ಬಳಸಿ. ಕೊನೆಯ ಗೇಣಷ್ಟು ಭಾಗ ವಾಲ್ವಿನ ಹತ್ತಿರ ಬರುವಂತೆ ನೋಡಿಕೊಳ್ಳಿ. ಮೊದಲ ಸಲ ನನಗೆ ಮುಕ್ಕಾಲು ಗಂಟೆ ಹಿಡಿಯಿತು, ಹೆಬ್ಬೆರಳಿನ ಚರ್ಮ ಸುಲಿಯಿತು. ಈಗ ಹತ್ತು ನಿಮಿಷ ಸಾಕು.

ದಾರಿಯಲ್ಲಿ ಕೈಕೊಟ್ಟರೆ ಮೊದಲು ರಬ್ಬರಿನ ಬತ್ತಿಯನ್ನು ಹೊರಗಿನಿಂದಲೇ ತೂತಿಗೆ ತುರುಕಿ ಗಾಳಿ ತುಂಬಿಸಿ. ಬತ್ತಿ ಹೆಚ್ಚು ಆಳಕ್ಕೆ ಹೋಗದಿರಲಿ, ಫೋಮಿಗೆ ಚುಚ್ಚೀತು. ಅದಕ್ಕೂ ಬಗ್ಗದಿದ್ದರೆ ಬಿಚ್ಚುವ ಸಾಹಸ ಬೇಡ, ಫೋಮಿನ ಮೇಲೇ ನಿಧಾನವಾಗಿ ಓಡಿಸಿಕೊಂಡು ಬನ್ನಿ. 2014 ರಲ್ಲಿ ಆಸ್ಟ್ರಿಯಾದ ಲಿಯೋಗಾಂಗ್‌ನಲ್ಲಿ ನಡೆದ ಡೌನ್‌ಹಿಲ್ ವಿಶ್ವಕಪ್‌ನಲ್ಲಿ ಅಮೆರಿಕದ ಆರನ್ ಗ್ವಿನ್ ಹಿಂದಿನ ಟೈರಿನ ಗಾಳಿ ಹೋದ ಮೇಲೂ ಬರಿಯ ರಿಮ್ಮಿನ ಮೇಲೆ ಬೆಟ್ಟ ಇಳಿದು ಗುರಿ ಮುಟ್ಟಿದ್ದರು. (ಮರುವರ್ಷ ಅದೇ ಊರಿನಲ್ಲಿ ಚೈನು ತುಂಡಾದ ಸೈಕಲ್ಲಿನಲ್ಲಿ ಗೆದ್ದೇ ಬಿಟ್ಟರು.) ಅವರಿಗೆ ಅಂದು ರಿಮ್ಮು ಹೋದರೂ ಚಿಂತೆಯಿರಲಿಲ್ಲ, ನಮಗೆ ಇರುತ್ತದೆ. ಇನ್ಸರ್ಟ್ ಇದ್ದರೆ ಅದೇ ಕೆಲಸವನ್ನು ರಿಮ್ಮು ಕಳೆದುಕೊಳ್ಳದೆ ಮಾಡಬಹುದು.

ಪ್ರಶ್ನೆ: ಬೆಂಗಳೂರಿನಿಂದ ವಿಮಾನದಲ್ಲಿ ಸೈಕಲ್ ಒಯ್ದು ಮನಾಲಿಯಿಂದ ರೋಹ್ತಾಂಗ್ ಕಡೆಗೆ ಹೋಗುವವರಿದ್ದೇವೆ. ಎತ್ತರಕ್ಕೆ ಹೋದಂತೆ ಟೈರು ಬಿಗಿಯಾಗುತ್ತದೆ ಎನ್ನುತ್ತಾರೆ, ಎಷ್ಟು ಗಾಳಿ ಬಿಡಬೇಕು? (ಜಯನಗರದ ಓದುಗರು)

ಉತ್ತರ: ಬಿಗಿಯಾಗುವುದು ನಿಜ, ಭಯಪಡುವಷ್ಟಲ್ಲ. ಬೆಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 13 ಪಿಎಸ್‌ಐ, 3,978 ಮೀಟರ್ ಎತ್ತರದ ರೋಹ್ತಾಂಗ್‌ನಲ್ಲಿ ಸುಮಾರು 9. ಹೊರಗಿನ ಒತ್ತಡ ಇಳಿದಷ್ಟೂ ಮಾಪಕ ತೋರಿಸುವ ಅಂಕಿ ಏರುವುದರಿಂದ, ಇಲ್ಲಿ 25 ಇದ್ದ ಟೈರು ಅಲ್ಲಿ 29 ಆಗಬೇಕು. ಆದರೆ ಚಳಿ ಅದನ್ನು ಇಳಿಸುತ್ತದೆ. ಇಲ್ಲಿಯ 25 ಡಿಗ್ರಿಯಿಂದ ಅಲ್ಲಿಯ 5 ಡಿಗ್ರಿಗೆ ಬಂದರೆ ಎರಡೂವರೆ ಪಿಎಸ್‌ಐನಷ್ಟು ಕಡಿಮೆಯಾಗಿ, ಕೊನೆಗೆ 26 ಅಥವಾ 27 ರಲ್ಲಿ ನಿಲ್ಲುತ್ತದೆ. ಮನಾಲಿಯಲ್ಲಿ ಬೆಳಿಗ್ಗೆ ಒಮ್ಮೆ ಅಳೆದು ಹೊರಟರೆ ಸಾಕು.

ವಿಮಾನಕ್ಕೆ ಹಾಕುವ ಮುಂಚೆ ಟೈರಿನ ಗಾಳಿ ಬಿಡಿ ಎನ್ನುತ್ತಾರೆ. ಟ್ಯೂಬ್‌ಲೆಸ್ ಟೈರಿನ ಗಾಳಿಯನ್ನು ಪೂರ್ತಿ ಬಿಟ್ಟರೆ ಬೀಡು ಜಾಗ ಬಿಟ್ಟು, ಸೀಲಂಟ್ ಪೆಟ್ಟಿಗೆಯಲ್ಲೆಲ್ಲ ಹರಿಯುತ್ತದೆ. ಎಂಟು ಹತ್ತು ಪಿಎಸ್‌ಐ ಉಳಿಸಿಕೊಳ್ಳಿ.

ಪ್ರಶ್ನೆ: ಮೋಟರ್‌ಬೈಕಿಗೆಂದು ಕೊಂಡ ಪೂರ್ಣ ಮುಖದ ಹೆಲ್ಮೆಟ್ ಮನೆಯಲ್ಲಿದೆ. ಘಟ್ಟದ ಕಾಡುಹಾದಿಯಲ್ಲಿ ಸೈಕಲ್ ಇಳಿಸುವಾಗ ಅದನ್ನೇ ಹಾಕಿಕೊಳ್ಳಬಹುದಲ್ಲವೇ? (ಕುಂದಾಪುರದ ಓದುಗರು)

ಉತ್ತರ: ಇಳಿಯುವುದಕ್ಕೆ ಮಾತ್ರವಾದರೆ, ಬರಿ ತಲೆಗಿಂತ ಅದು ಸಾವಿರ ಪಾಲು ಮೇಲು. ಆದರೆ ನೀವು ಇಳಿಯಬೇಕಾದರೆ ಮೊದಲು ಹತ್ತಬೇಕು. ಸೈಕಲ್ ತುಳಿಯುವವನ ತಲೆ ಒಲೆಯಂತೆ ಕಾಯುತ್ತದೆ. ಮೋಟರ್‌ಬೈಕಿನ ಹೆಲ್ಮೆಟ್‌ನಲ್ಲಿ ಆ ಬಿಸಿ ಹೊರಹೋಗುವ ದಾರಿ ಕಡಿಮೆ, ಕರಾವಳಿಯ ಸೆಕೆಯಲ್ಲಂತೂ ಹತ್ತು ನಿಮಿಷಕ್ಕೆ ತೆಗೆದು ಹ್ಯಾಂಡಲಿಗೆ ನೇತುಹಾಕುತ್ತೀರಿ. ಬಿದ್ದಾಗ ಹೆಲ್ಮೆಟ್ ಹ್ಯಾಂಡಲಿನಲ್ಲಿರುತ್ತದೆ. ತೂಕವೂ ಒಂದೂವರೆ ಕಿಲೋ ಹತ್ತಿರ. ಸೈಕಲ್ಲಿನ ಪೂರ್ಣ ಮುಖದ ಹೆಲ್ಮೆಟ್‌ಗಳು ಅದರ ಅರ್ಧದಷ್ಟು ತೂಗುತ್ತವೆ, ಗಾಳಿಯಾಡುವ ಕಿಂಡಿಗಳೂ ದೊಡ್ಡವು.

ಸಾಧಾರಣ ಸೈಕಲ್ ಹೆಲ್ಮೆಟ್ ಕೊಳ್ಳುವುದಾದರೂ ಅದರ ಮಿತಿ ತಿಳಿದಿರಲಿ. ಯುರೋಪಿನ ಇಎನ್ 1078 ಮಾನದಂಡದಲ್ಲಿ ಚಪ್ಪಟೆ ಕಬ್ಬಿಣಕ್ಕೆ ಹೆಲ್ಮೆಟ್ಟನ್ನು ಬಡಿಯುವ ವೇಗ ಗಂಟೆಗೆ 20 ಕಿಲೋಮೀಟರಿಗೂ ಸ್ವಲ್ಪ ಕಡಿಮೆ. ಅದರೊಳಗಿನ ಥರ್ಮೋಕೋಲ್ ಜಾತಿಯ ಫೋಮ್ ಒಮ್ಮೆ ಕುಸಿದು ಪೆಟ್ಟನ್ನು ನುಂಗಿಕೊಳ್ಳುತ್ತದೆ, ಮತ್ತೆ ಮೇಲೇಳುವುದಿಲ್ಲ. ಜೋರಾಗಿ ಬಿದ್ದ ಮೇಲೆ ಹೊರಗೆ ಗೀರು ಮಾತ್ರ ಕಂಡರೂ ಅದನ್ನು ಬದಲಿಸಿ. ಟೈರಿನ ಇನ್ಸರ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ, ಅದು ನೂರು ಪೆಟ್ಟು ತಡೆಯುತ್ತದೆ, ಇದು ಒಂದನ್ನು. ಸ್ವೀಡನ್ನಿನಲ್ಲಿ ರೂಪುಗೊಂಡ ಮಿಪ್ಸ್ ಎಂಬ ಒಳಪದರ ಓರೆಯಾಗಿ ಬಿದ್ದಾಗ ಹೆಲ್ಮೆಟ್ ತಲೆಯ ಮೇಲೆ 10 ರಿಂದ 15 ಮಿಲಿಮೀಟರ್ ಜಾರುವಂತೆ ಮಾಡಿ, ಮಿದುಳಿಗೆ ತಿರುಚಿದಂತಾಗುವ ಪೆಟ್ಟನ್ನು ತಗ್ಗಿಸಲೆಂದು ಮಾಡಿದ್ದು. ಕೈಗೆಟಕುವ ಬೆಲೆಯಲ್ಲಿ ಸಿಕ್ಕರೆ ಕೊಳ್ಳಿ.

ಪ್ರಶ್ನೆ: ಮೊಣಕಾಲಿನ ಪ್ಯಾಡ್ ಹಾಕಿಕೊಂಡು ಹತ್ತಿದರೆ ಬೆವರಿನಿಂದ ಜಾರುತ್ತದೆ, ಬಿಚ್ಚಿಟ್ಟರೆ ಹಾಕಿಕೊಳ್ಳಲು ಮರೆಯುತ್ತದೆ. ಎಂಥದ್ದನ್ನು ಕೊಳ್ಳಬೇಕು? (ಹಾಸನದ ಓದುಗರು)

ಉತ್ತರ: ಈ ಪ್ರಶ್ನೆಗೆ ನನ್ನ ಎಡ ಮೊಣಕಾಲೇ ಉತ್ತರ ಕೊಡಬಲ್ಲದು. ಸಕಲೇಶಪುರದ ಆಚೆ ಒಂದು ತೋಟದ ಇಳಿಜಾರಿನಲ್ಲಿ, ಎರಡೂ ಪ್ಯಾಡುಗಳು ಬೆನ್ನಿನ ಚೀಲದಲ್ಲಿ ಭದ್ರವಾಗಿದ್ದಾಗ, ಒದ್ದೆ ಜಂಬಿಟ್ಟಿಗೆ ಕಲ್ಲಿನ ಮೇಲೆ ಮುಂದಿನ ಚಕ್ರ ಜಾರಿತು. ಆರು ಹೊಲಿಗೆ ಬಿದ್ದವು. ಹೊಲಿಗೆ ಹಾಕಿದವರು ಗಾಯದಿಂದ ಕೆಂಪು ಹರಳುಗಳನ್ನು ಒಂದೊಂದಾಗಿ ಆರಿಸಿ ತೆಗೆದದ್ದು ಹೊಲಿಗೆಗಿಂತ ಹೆಚ್ಚು ನೋಯಿಸಿತು.

ಅಂದಿನಿಂದ ನಾನು ಗಟ್ಟಿ ಚಿಪ್ಪಿನ ಪ್ಯಾಡುಗಳನ್ನು ಬಿಟ್ಟು, ಕಾಲುಚೀಲದಂತೆ ತೊಡುವ ಮೃದುವಾದವುಗಳಿಗೆ ಬಂದಿದ್ದೇನೆ. ಬ್ರಿಟನ್ನಿನ ಡಿ ತ್ರೀ ಓ ಮುಂತಾದ ಪದಾರ್ಥಗಳು ನಿಧಾನವಾಗಿ ಮಡಿಸಿದರೆ ಮೆತ್ತಗಿರುತ್ತವೆ, ಥಟ್ಟನೆ ಪೆಟ್ಟು ಬಿದ್ದರೆ ಗಟ್ಟಿಯಾಗುತ್ತವೆ. ನೀರಿನಲ್ಲಿ ಮಂದವಾಗಿ ಕಲಸಿದ ಕಾರ್ನ್‌ಫ್ಲೋರಿಗೆ ಬೆರಳನ್ನು ಮೆಲ್ಲನೆ ಇಳಿಸಿ, ಆಮೇಲೆ ಗುದ್ದಿ ನೋಡಿದವರಿಗೆ ಇದು ಅರ್ಥವಾಗುತ್ತದೆ. ಚೀಟಿಯಲ್ಲಿ ಇಎನ್ 1621-1 ಎಂಬ ಗುರುತನ್ನು ಹುಡುಕಿ. ಐದು ಕಿಲೋ ತೂಕವನ್ನು ಒಂದು ಮೀಟರ್ ಎತ್ತರದಿಂದ ಬೀಳಿಸಿದಷ್ಟು, ಅಂದರೆ 50 ಜೂಲ್ ಪೆಟ್ಟು ಕೊಟ್ಟಾಗ ಹಿಂಬದಿಗೆ ದಾಟುವ ಬಲ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಅದು ಮೊದಲ ಮಟ್ಟ, 20 ಮೀರದಿದ್ದರೆ ಎರಡನೆಯ ಮಟ್ಟ. ನಮ್ಮ ಹವೆಯಲ್ಲಿ ದಿನವಿಡೀ ತೊಡಬಹುದಾದ ಮೊದಲ ಮಟ್ಟದ ತೆಳು ಪ್ಯಾಡು, ಚೀಲದಲ್ಲಿ ಮಲಗಿರುವ ಎರಡನೆಯ ಮಟ್ಟದ್ದಕ್ಕಿಂತ ಮೇಲು.

ಜಾರುವುದು ಅಳತೆಯ ತಪ್ಪು. ಮೊಣಕಾಲಿನಿಂದ ಒಂದು ಗೇಣು ಮೇಲೆ ತೊಡೆಯ ಸುತ್ತಳತೆ ತೆಗೆದುಕೊಂಡು ಕೊಳ್ಳಿ. ಅಂಗಡಿಯಲ್ಲಿ ನಿಂತು ನೋಡಿದರೆ ಸಾಲದು, ಇಪ್ಪತ್ತು ಸಲ ಕುಕ್ಕರುಗಾಲಿನಲ್ಲಿ ಕೂತು ಎದ್ದು ನೋಡಿ. ಅಂಗಡಿಯವರು ನಕ್ಕರೆ ನಗಲಿ. ಮನೆಗೆ ಬಂದ ದಿನವೇ ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸದಿದ್ದರೆ ಮಲೆನಾಡಿನ ಮಳೆಗಾಲದಲ್ಲಿ ಅವು ಬೂಷ್ಟು ಹಿಡಿಯುತ್ತವೆ.

ಪ್ರಶ್ನೆ: ಮಳೆಗಾಲದ ಕಾಡುಹಾದಿಗೆ ಎಂಥ ಬೂಟು? ಇಂಬಳಕ್ಕೆ ಏನು ಮಾಡಬೇಕು? (ಮಡಿಕೇರಿಯ ಓದುಗರು)

ಉತ್ತರ: ಚಪ್ಪಟೆ ಪೆಡಲಿನ ಮೊಳೆಗಳನ್ನು ಕಚ್ಚಿಹಿಡಿಯುವ ಮೃದು ರಬ್ಬರಿನ ಅಟ್ಟೆಯಿರುವ ಬೂಟು ಕೊಳ್ಳಿ. ನೀರು ಒಳಬಾರದ ಬೂಟಿಗಿಂತ, ಒಳಬಂದ ನೀರು ಬೇಗ ಹೊರಹೋಗುವ ಬೂಟು ವಾಸಿ, ಏಕೆಂದರೆ ಹಳ್ಳ ದಾಟುವಾಗ ನೀರು ಮೇಲಿನಿಂದಲೇ ಬರುತ್ತದೆ. ಪೆಡಲಿನ ಮೊಳೆಗಳು ಮೀನಖಂಡವನ್ನು ಗೀರುತ್ತವೆ, ಆದ್ದರಿಂದ ಮೊಣಕಾಲಿನವರೆಗಿನ ದಪ್ಪ ಕಾಲುಚೀಲ ಹಾಕಿ. ಇಂಬಳಕ್ಕೆ ನಮ್ಮ ಅಜ್ಜಂದಿರ ನಶ್ಯ ಮತ್ತು ಸುಣ್ಣವೇ ನನ್ನ ಮದ್ದು, ಕಾಲುಚೀಲದ ಮೇಲೆ ಸವರಿಕೊಂಡು ಹೋಗುತ್ತೇನೆ. ಸೈಕಲ್ ಓಡುತ್ತಿರುವಾಗ ಅವು ಹತ್ತುವುದು ಕಡಿಮೆ, ಪಂಕ್ಚರ್ ಹಾಕಲು ಕೂತಾಗ ಹತ್ತುತ್ತವೆ.